ಬಚ್ಚಲಿಂದ ಬರುವ ಮಳೆನೀರು

ನೀರು ಬಾಗಿಲಿಂದ ಬರುತ್ತೆ ಅಂತ ನೀವು ಅಂದುಕೊಂಡಿರಬಹುದು. ಮುಂಬೈಯ ಕಿಂಗ್ಸ್ ಸರ್ಕಲ್ ಹತ್ತಿರ ನೆಲಮಹಡಿಯಲ್ಲಿರುವ ನಮ್ಮ ಮನೆಗೆ ಅದು ಮೊದಲು ಬಚ್ಚಲಿಂದ ಬರುತ್ತದೆ. ಗುಳುಗುಳು ಸದ್ದು. ಆಮೇಲೆ ಜಾಲರಿಯ ತೂತಿನಿಂದ ಕಪ್ಪು ನೀರು ಉಕ್ಕುತ್ತದೆ. ಅತ್ತೆ ಹಳೇ ಸೀರೆ ಸುರುಳಿ ಸುತ್ತಿ ತುರುಕುತ್ತಾರೆ, ಮೇಲೆ ರುಬ್ಬುವ ಗುಂಡು ಇಡುತ್ತಾರೆ. ಅಷ್ಟರಲ್ಲಿ ನಾನು ಅಕ್ಕಿ ಮೂಟೆಯನ್ನು ಮಂಚದ ಮೇಲೆ ಏರಿಸಿರುತ್ತೇನೆ.

ಪ್ರತಿ ಮೇ ತಿಂಗಳಲ್ಲಿ ಮಳೆನೀರು ಹೋಗುವ ನಾಲಾಗಳ ಹೂಳೆತ್ತಿದ ಲೆಕ್ಕ ಪೇಪರಿನಲ್ಲಿ ಬರುತ್ತದೆ. ಹೂಳು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲಾ ಎಷ್ಟೇ ಚೊಕ್ಕಟವಾಗಿರಲಿ, ಅದರ ಬಾಯಿ ಇರುವುದು ಸಮುದ್ರದಲ್ಲಿ. ಉಬ್ಬರ ನಾಲ್ಕೂವರೆ ಮೀಟರ್ ದಾಟಿದ ಹೊತ್ತಿಗೆ ಜೋರು ಮಳೆಯೂ ಸೇರಿದರೆ ನೀರಿಗೆ ಹೋಗಲು ದಾರಿಯೇ ಇಲ್ಲ.

ನಗರದ ಹಳೇ ಚರಂಡಿಗಳು ಗಂಟೆಗೆ ಸುಮಾರು 25 ಮಿಲಿಮೀಟರ್ ಮಳೆಯ ನೀರನ್ನಷ್ಟೇ ಸಾಗಿಸುವಂಥವು. ಅದನ್ನು 50ಕ್ಕೆ ಏರಿಸಬೇಕು ಎಂಬ ವರದಿ ಬಂದದ್ದು 1993ರಲ್ಲಿ. ಕೆಲಸಕ್ಕೆ ವೇಗ ಬಂದದ್ದು 2005ರ ಜುಲೈ 26ರ ನಂತರ. ಅವತ್ತು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಿತ್ತು. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್‌ನಲ್ಲಿ ಮಳೆನೀರನ್ನು ಸಮುದ್ರಕ್ಕೆ ಎತ್ತಿ ಹಾಕುವ ಪಂಪಿಂಗ್ ಸ್ಟೇಷನ್ ಬಂದವು. ನಮ್ಮ ಕಡೆಯ ನೀರಿಗೆ ಬೇಕಿದ್ದ ಮಾಹುಲ್ ಸ್ಟೇಷನ್ ಮಾತ್ರ ಜಾಗದ ತಕರಾರಿನಲ್ಲಿ ವರ್ಷಗಟ್ಟಲೆ ನಿಂತುಬಿಟ್ಟಿತು. ಇದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ.

ನನಗೆ ಭರವಸೆ ಹುಟ್ಟಿಸಿದ್ದು ಹಿಂದ್‌ಮಾತಾ. ತಟ್ಟೆಯಂತೆ ತಗ್ಗಾದ ಜಾಗ ಅದು. ಅಲ್ಲಿಯ ನೀರಿಗಾಗಿ ದಾದರ್ ಮತ್ತು ಪರೇಲ್‌ನ ಮೈದಾನಗಳ ಅಡಿಯಲ್ಲಿ ದೊಡ್ಡ ಟ್ಯಾಂಕ್ ಕಟ್ಟಿದ್ದಾರೆ. ಉಬ್ಬರ ಇರುವಷ್ಟು ಹೊತ್ತು ನೀರು ಅಲ್ಲಿ ನಿಲ್ಲುತ್ತದೆ, ಇಳಿತ ಬಂದಾಗ ಹೊರಗೆ ಬಿಡುತ್ತಾರೆ. ಉಡುಪಿ ಕಡೆಯ ನಮಗೆ ಇದು ಹೊಸದಲ್ಲ. ಗದ್ದೆಯ ಮೇಲೊಂದು ಮದಗ ಇರುತ್ತಿತ್ತಲ್ವಾ? ಮಳೆನೀರು ಅಲ್ಲಿ ಸ್ವಲ್ಪ ಹೊತ್ತು ಕೂತು ತೋಡಿಗೆ ಇಳಿಯುತ್ತಿತ್ತು.

ನೀರನ್ನು ಓಡಿಸುವುದಕ್ಕೆ ಖರ್ಚು ಮಾಡಿದಷ್ಟೇ ಮನಸ್ಸಿಟ್ಟು ಅದನ್ನು ನಿಲ್ಲಿಸುವ ಜಾಗವನ್ನೂ ಈ ನಗರ ಮಾಡಬೇಕು. ಪ್ರತಿ ತಗ್ಗು ಬಡಾವಣೆಗೂ ಒಂದು ಬೇಕು. ನಾವೂ ಮಾಡಬೇಕು. ಮೂರು ವರ್ಷದ ಹಿಂದೆ ನಮ್ಮ ಹೌಸಿಂಗ್ ಸೊಸೈಟಿಯ ಅಂಗಳಕ್ಕೆಲ್ಲ ಪೇವರ್ ಬ್ಲಾಕ್ ಹಾಕಿಸಿದರು, ಕೆಳಗೆ ಸಿಮೆಂಟು. ಚಪ್ಪಲಿಗೆ ಕೆಸರಾಗುವುದಿಲ್ಲ ಅಂತ ನಾನೂ ಒಪ್ಪಿ ಕೈ ಎತ್ತಿದ್ದೆ. ಈಗ ಅಂಗಳದ ನೀರೆಲ್ಲ ನೇರ ಗಟಾರಕ್ಕೆ ಹೋಗುತ್ತದೆ, ಗಟಾರ ತುಂಬಿದರೆ ನಮ್ಮ ಬಚ್ಚಲಿಗೆ.

ಇನ್ನೊಂದು ಮಾತು. ನೀರು ಬೇಗ ಇಳಿಯಲಿ ಅಂತ ದಯವಿಟ್ಟು ಯಾರೂ ಮ್ಯಾನ್‌ಹೋಲ್ ಮುಚ್ಚಳ ತೆಗೆಯಬೇಡಿ. 2017ರ ಆಗಸ್ಟ್ ಮಳೆಯಲ್ಲಿ ಹಾಗೆ ತೆರೆದಿದ್ದ ಗುಂಡಿಗೆ ಬಿದ್ದು ಒಬ್ಬ ಒಳ್ಳೆಯ ಡಾಕ್ಟರ್ ಜೀವ ಕಳೆದುಕೊಂಡರು.

ಅಂಗಳದ ಮೂಲೆಯಲ್ಲಿ ಪಾರಿಜಾತದ ಬುಡಕ್ಕೆ ಮಾತ್ರ ಬ್ಲಾಕ್ ಹಾಕಿಲ್ಲ. ಹೋದ ವರ್ಷ ಅಲ್ಲಿ ನಿಂತ ನೀರು ಸಂಜೆಯೊಳಗೆ ಇಂಗಿತ್ತು. ಈ ಭಾನುವಾರ ಸೊಸೈಟಿ ಮೀಟಿಂಗ್ ಇದೆ. ಅರ್ಧ ಅಂಗಳದ ಬ್ಲಾಕ್ ಕೀಳಿಸಿ ಇಂಗುಗುಂಡಿ ತೋಡಿಸೋಣ ಅಂತ ಕೇಳಲಿದ್ದೇನೆ. ನಿಮ್ಮ ಸೊಸೈಟಿಯಲ್ಲಿ ಯಾರಾದರೂ ಮಾಡಿಸಿದ್ದರೆ ಖರ್ಚೆಷ್ಟಾಯಿತು, ಹೇಗೆ ಮಾಡಿಸಿದಿರಿ ಅಂತ ಬರೆಯಿರಿ.