ಸತ್ಯಾಂಶ: ಹಳೇ ರೇಡಿಯೋದಲ್ಲಿ ಕೆಂಪು ಪಾದರಸ ಇದೆಯೇ?

ಅಜ್ಜನ ಕಾಲದ ವಾಲ್ವ್ (ಬಲ್ಬಿನಂಥ ಗಾಜಿನ ಬಿಡಿಭಾಗ) ಇರುವ ರೇಡಿಯೋ, ಟಿವಿಯಲ್ಲಿ 'ಕೆಂಪು ಪಾದರಸ' ಇದೆ, ಕೋಟಿ ಬೆಲೆ ಬಾಳುತ್ತದೆ ಎಂಬ ಸಂದೇಶ ಆಗಾಗ ಬರುತ್ತದೆ, ಅಲ್ವಾ? ಅಟ್ಟದಲ್ಲಿ ಹಳೇ ಸೆಟ್ ಇದ್ದರೆ ಆಸೆಯಾಗುವುದು ಸಹಜ. ಆದರೆ ಅದರಲ್ಲಿ ಅಂಥ ವಸ್ತು ಇಲ್ಲ.

ವಾಲ್ವಿನ ಗಾಜಿನ ಒಳಗೆ ಬೆಳ್ಳಿಯಂತೆ ಹೊಳೆಯುವುದು ಬಹುತೇಕ ಬೇರಿಯಂ ಲೋಹದ ತೆಳು ಲೇಪ. ವಾಲ್ವ್ ಕೆಲಸ ಮಾಡಲು ಒಳಗೆ ಗಾಳಿ ಇರಬಾರದು. ಪಂಪಿನಿಂದ ಗಾಳಿ ತೆಗೆದ ಮೇಲೂ ಚೂರು ಉಳಿಯುತ್ತದೆ. ಅದಕ್ಕೇ ಒಳಗಿನ ಪುಟ್ಟ ಬಳೆಯನ್ನು ಹೊರಗಿನಿಂದಲೇ ಕಾಯಿಸಿ ಬೇರಿಯಂ ಆವಿ ಮಾಡುತ್ತಿದ್ದರು. ಅದು ಗಾಜಿಗೆ ಅಂಟಿ, ಉಳಿದ ಅನಿಲವನ್ನು ಹೀರಿಕೊಳ್ಳುತ್ತಿತ್ತು. ಜಾಣ ಉಪಾಯ! ಕೆಂಪಗೆ ಕಾಣುವುದು ಕಾದ ಕ್ಯಾಥೋಡಿನ, ಅಂದರೆ ವಾಲ್ವಿನೊಳಗೆ ಎಲೆಕ್ಟ್ರಾನ್ ಹೊರಸೂಸುವ ಭಾಗದ, ಬೆಳಕು. 1930ರ ದಶಕದ ಕೆಲವು ವಾಲ್ವ್‌ಗಳಿಗೆ ಹೊರಗೆ ಕೆಂಪು ಬಣ್ಣವನ್ನೇ ಬಳಿದಿದ್ದರು.

ನೀವೇ ನೋಡಬಹುದು. ವಾಲ್ವನ್ನು ಓರೆ ಮಾಡಿ. ಪಾದರಸವಾದರೆ ಉರುಳಬೇಕು, ಈ ಲೇಪ ಅಲ್ಲಾಡುವುದಿಲ್ಲ. ಬಿರುಕು ಬಿಟ್ಟ ವಾಲ್ವಿನಲ್ಲಿ ಗಾಳಿ ತಾಗಿ ಅದು ಬೆಳ್ಳಗಾಗಿರುತ್ತದೆ. (ಗಾಜು ಸುಮ್ನೆ ಒಡೆಯಬೇಡಿ.) ವಾಲ್ವ್ ಮೇಲಿನ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಅದರ ತಾಂತ್ರಿಕ ವಿವರವೇ ಸಿಗುತ್ತದೆ. ಕೊಳ್ಳುತ್ತೇನೆ ಎನ್ನುವವರು ಮೊದಲು ನಿಮ್ಮಿಂದಲೇ 'ಪರೀಕ್ಷೆ ಶುಲ್ಕ' ಕೇಳಿದರೆ ಕೊಡಬೇಡಿ.