ನೂರಾ ನಾಲ್ಕು ಪರ್ಸೆಂಟ್ ಮಕ್ಕಳು

ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದ ಹುಡುಗನ ಫೋಟೋ ಫ್ಲೆಕ್ಸ್ ಮೇಲೆ ಬರುತ್ತದೆ. ದಡಾರ ಲಸಿಕೆಯ ಲೆಕ್ಕದಲ್ಲಿ ನೂರಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಲವು ಜಿಲ್ಲೆಗಳು ನೂರನ್ನೂ ದಾಟುತ್ತವೆ. ಅಂದರೆ ಇರುವ ಮಕ್ಕಳಿಗಿಂತ ಜಾಸ್ತಿ ಮಕ್ಕಳಿಗೆ ಚುಚ್ಚಿದ್ದಾರೆ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಬೈಸಿಕೊಳ್ಳುವವರು ಕಡಿಮೆ ಬಂದವರು ಮಾತ್ರ.

ಲೆಕ್ಕ ಸುಲಭ. ಮೇಲೆ ಹಾಕಿದ ಲಸಿಕೆ, ಕೆಳಗೆ ಊರಲ್ಲಿ ಇರಬೇಕಾದ ಮಕ್ಕಳು. ಈ ಕೆಳಗಿನ ಅಂಕಿ ಎಲ್ಲಿಂದ ಬಂತು ಅಂತ ಕೆದಕಿದರೆ 2011ರ ಜನಗಣತಿಗೆ ಹೋಗಿ ನಿಲ್ಲುತ್ತದೆ. ಆಗ ಎಣಿಸಿದ ಕೂಸುಗಳಿಗೆ ಈಗ ಮೀಸೆ ಚಿಗುರುತ್ತಿದೆ. ಅವರಿಂದ ಅಂದಾಜು ಕಟ್ಟುತ್ತಾ ಬಂದು ಇವತ್ತಿನ ತೊಟ್ಟಿಲು ಎಣಿಸುತ್ತೇವೆ. 2024-25ರಲ್ಲಿ ದೇಶದ ಮೊದಲ ಡೋಸ್ ಶೇ. 93.7, ಎರಡನೆಯದು 92.2 ಅಂತ ಸರ್ಕಾರ ಹೇಳಿದೆ. ರೋಗ ಹರಡದಿರಲು ಬೇಕಾದ್ದು 95. ಅಂದಾಜಿಗೆ ದಶಮಾಂಶ ಬೇರೆ!

ಇನ್ನು ತವರುಮನೆ ಇದೆಯಲ್ಲ, ಯಾವ ತಂತ್ರಾಂಶಕ್ಕೂ ಬಗ್ಗದ್ದು ಅದು. ಹೆರಿಗೆ ತವರಿನಲ್ಲಿ, ತಾಯಿ ಕಾರ್ಡ್ ಅಲ್ಲಿಯದು. ಒಂಬತ್ತು ತಿಂಗಳಿಗೆ ದಡಾರ-ರುಬೆಲ್ಲಾ ಚುಚ್ಚುವ ಹೊತ್ತಿಗೆ ಕೂಸು ಬೆಂಗಳೂರಿನಲ್ಲಿ. ತವರಿನ ರಿಜಿಸ್ಟರಿನಲ್ಲಿ ಹೆಸರಿದೆ, ಟಿಕ್ ಇಲ್ಲ. ಇಲ್ಲಿ ಟಿಕ್ ಇದೆ, ಹೆಸರು ಟಾರ್ಗೆಟ್ಟಿನಲ್ಲಿಲ್ಲ. ಅಲ್ಲಿ 96, ಇಲ್ಲಿ 104 ಅನ್ನಿ. ಸರಾಸರಿ ತೆಗೆದರೆ ಎಲ್ಲರೂ ಪಾಸು. ಕಟ್ಟಡ ಕೆಲಸದವರ ಶೆಡ್ಡಿನಲ್ಲಿ ಮಲಗಿರುವ ಮಗು ಮಾತ್ರ ಮೇಲೂ ಇಲ್ಲ, ಕೆಳಗೂ ಇಲ್ಲ. ಹಾಗಾಗಿ ಪರ್ಸೆಂಟೇಜಿಗೆ ಅದರಿಂದ ಒಂಚೂರೂ ತೊಂದರೆಯಿಲ್ಲ! ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಗೆ ಇದೆಲ್ಲ ಗೊತ್ತು. ಆದರೆ ಅವಳ ಎಣಿಕೆ ಮೇಲಿನ ಟಾರ್ಗೆಟ್ಟಿಗೆ ತಾಳೆಯಾಗದಿದ್ದರೆ ತಪ್ಪು ಅವಳದ್ದೇ.

ದಡಾರಕ್ಕೆ ರಿಜಿಸ್ಟರ್ ಓದಲು ಬರುವುದಿಲ್ಲ. ಲಸಿಕೆ ಇಲ್ಲದ ಕಡೆ ಒಬ್ಬರಿಂದ 12ರಿಂದ 18 ಜನಕ್ಕೆ ಅಂಟುತ್ತದೆ. 2022ರಲ್ಲಿ ಮುಂಬೈನ ಗೋವಂಡಿಯಲ್ಲಿ ದಡಾರ ಹಾಗೇ ಹರಡಿತು.

2025ರ ಮೊದಲ ಮೂರು ತಿಂಗಳಲ್ಲಿ 332 ಜಿಲ್ಲೆಗಳಲ್ಲಿ ಒಂದೂ ದಡಾರ ಇಲ್ಲ ಎಂಬ ಘೋಷಣೆಯೂ ಆಯಿತು. ಸಂತೋಷವೇ. ಆದರೆ ಸೊನ್ನೆಗೂ ಒಂದು ನಿಯಮವಿದೆ. ಜ್ವರ, ದದ್ದು ಬಂದವರ ರಕ್ತ ಲ್ಯಾಬಿಗೆ ಹೋಗಬೇಕು. ವರ್ಷಕ್ಕೆ ಲಕ್ಷ ಜನರಲ್ಲಿ ಕನಿಷ್ಠ ಇಬ್ಬರದ್ದಾದರೂ ‘ದಡಾರವೂ ಅಲ್ಲ, ರುಬೆಲ್ಲಾವೂ ಅಲ್ಲ’ ಅಂತ ಬರಬೇಕು. ಆಗಷ್ಟೇ ಹುಡುಕಿದ್ದಾರೆ ಅಂತ ಲೆಕ್ಕ. ನಮ್ಮಲ್ಲಿ ಮೈಮೇಲೆ ದದ್ದು ಎದ್ದರೆ ‘ಅಮ್ಮ ಬಂದಿದ್ದಾಳೆ’ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಸುಮ್ನೆ ಕೂರುವ ಮನೆಗಳಿವೆ. ಹುಡುಕಿ ಸಿಗದಿದ್ದರೂ ಸೊನ್ನೆ, ಹುಡುಕದೇ ಇದ್ದರೂ ಸೊನ್ನೆ. ಕಾಗದದ ಮೇಲೆ ಎರಡೂ ಒಂದೇ ಥರ ದುಂಡಗಿರುತ್ತವೆ.

ದಡಾರ ಓಡಿಸಲು ಮೊದಲು ಇಟ್ಟ ಗಡುವು 2020. ಆಮೇಲೆ 2023. ಈಗ 2026. ಜನಗಣತಿಯೂ ಹೀಗೇ, 2021ರಲ್ಲಿ ಆಗಬೇಕಿದ್ದದ್ದು ಜಾರಿ ಜಾರಿ 2027ಕ್ಕೆ ಬಂದಿದೆ. ಅಂದರೆ 2026ಕ್ಕೆ ದೇಶದ ಅಷ್ಟೂ ಮಕ್ಕಳನ್ನು ದಡಾರದಿಂದ ಕಾಪಾಡಿ ಮುಗಿಸುತ್ತೇವೆ. ಅವರು ಎಷ್ಟು ಜನ ಅಂತ ಮರುವರ್ಷ ಎಣಿಸುತ್ತೇವೆ.