ಸಂಜೆ ಆರು ಗಂಟೆಯ ಮನಸ್ಸು

"ಮನಸ್ಸು ಮಾಡಿದ್ರೆ ಒಂದೇ ದಿನಕ್ಕೆ ಬಿಡಬಹುದು." ಮನೆಯಲ್ಲಿ ಕುಡಿಯುವವರಿದ್ದರೆ ಈ ಮಾತು ನೀವು ಕೇಳಿಯೇ ಇರುತ್ತೀರಿ. ನಾನು ಕೇಳಿದ್ದೂ ಉಂಟು, ಆಡಿದ್ದೂ ಉಂಟು. ನಮ್ಮ ಚಿಕ್ಕಪ್ಪನ ಎದುರಿಗೇ, ಅವರ ಮಕ್ಕಳ ಮುಂದೆಯೇ ಆಡಿದ್ದೆ. ಆ ಮಾತು ಎಷ್ಟು ತಪ್ಪು ಅಂತ ಈಗ ಬರೆಯಬೇಕು ಅನ್ನಿಸಿದೆ.

ಚಿಕ್ಕಪ್ಪ ತಿಪಟೂರಿನಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದರು. ಕೊಬ್ಬರಿ ಚೀಲ ಹೊತ್ತು ಲಾರಿಗೆ ತುಂಬುವ ಕೆಲಸ. ಸಂಜೆ ಲೋಡು ಮುಗಿದು ಕೂಲಿ ಹಂಚಿಕೊಂಡ ಮೇಲೆ ಆರೇಳು ಜನ ಒಟ್ಟಿಗೆ ಹೊರಡುತ್ತಿದ್ದರು. ಎಲ್ಲಿಗೆ ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಮೊದಲೆಲ್ಲ ಸಾರಾಯಿ ಪ್ಯಾಕೆಟ್. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ನಮ್ಮ ಚಿಕ್ಕಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದ್ದರು. ಆದರೆ ಆ ಸಂಜೆ, ಆ ದಾರಿ, ಆ ಜೊತೆಗಾರರು ಹಾಗೇ ಇದ್ದರಲ್ಲ. ಸಾರಾಯಿ ಹೋದ ಜಾಗಕ್ಕೆ ನೈಂಟಿ ಬಂತು. ಖರ್ಚು ಜಾಸ್ತಿ ಆಯಿತು.

ಒಮ್ಮೆ ಊರಲ್ಲಿ ಮದ್ಯವರ್ಜನ ಶಿಬಿರ ನಡೆಯಿತು. ಚಿಕ್ಕಪ್ಪ ತಾವಾಗಿಯೇ ಹೆಸರು ಕೊಟ್ಟರು. ಎಂಟು ದಿನದಲ್ಲಿ ಕೈ ನಡುಕ ನಿಂತಿತು. ಹೊಟ್ಟೆ ತುಂಬ ಊಟ ಮಾಡತೊಡಗಿದರು. ಕೊನೆಯ ದಿನ ಚಿಕ್ಕಮ್ಮನ ಎದುರು ಪ್ರಮಾಣ ಮಾಡಿ ಅತ್ತುಬಿಟ್ಟರು. ನಾನು ಅಲ್ಲೇ ಇದ್ದೆ, ಆ ಅಳು ಸುಳ್ಳಲ್ಲ. ಮನೆಗೆ ಬಂದು ಮೂರು ವಾರ ತುಂಬುವ ಮೊದಲೇ ಮತ್ತೆ ಕುಡಿದರು. "ಇವರಿಗೆ ಬಿಡೋ ಮನಸ್ಸೇ ಇಲ್ಲ" ಅಂತ ನಾನು ಹೇಳಿದ್ದು ಅವತ್ತೇ.

ಎಷ್ಟೋ ವರ್ಷ ಕಳೆದ ಮೇಲೆ ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೈನಿಕರ ಬಗ್ಗೆ ಓದಿದೆ. 1971ರ ಹೊತ್ತಿಗೆ ಅವರ ನಡುವೆ ಹೆರಾಯಿನ್ ಹಬ್ಬಿತ್ತು. ಅಲ್ಲಿ ಅದು ಅಗ್ಗ, ಸುಲಭವಾಗಿ ಸಿಗುತ್ತಿತ್ತು. ಹೆಚ್ಚಿನವರು ಸಿಗರೇಟಿಗೆ ಬೆರೆಸಿ ಸೇದುತ್ತಿದ್ದರು. ಈ ಹುಡುಗರೆಲ್ಲ ಊರಿಗೆ ಬಂದರೆ ಏನು ಗತಿ ಅಂತ ಅಧ್ಯಕ್ಷ ನಿಕ್ಸನ್ ಸರ್ಕಾರಕ್ಕೆ ಭಯ. ವಿಮಾನ ಹತ್ತುವ ಮೊದಲೇ ಮೂತ್ರ ಪರೀಕ್ಷೆ ಶುರು ಮಾಡಿದರು. ಸಿಕ್ಕಿಬಿದ್ದವರನ್ನು ಅಲ್ಲೇ ಉಳಿಸಿಕೊಂಡು, ನಶೆ ಇಳಿಸಿ ಕಳಿಸಿದರು. ಲೀ ರಾಬಿನ್ಸ್ ಎಂಬ ಸಂಶೋಧಕಿ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮರಳಿದ ಸುಮಾರು 900 ಸೈನಿಕರನ್ನು ಹುಡುಕಿ ಮಾತನಾಡಿಸಿದರು. ಐವರಲ್ಲಿ ಒಬ್ಬರಂತೆ, ಅಲ್ಲಿ ಚಟಕ್ಕೆ ಬಿದ್ದಿದ್ದೆವು ಎಂದರು. ಹಾಗೆ ಬಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟ ಹತ್ತಿಸಿಕೊಂಡವರು ನೂರಕ್ಕೆ 5 ಜನ. ಮೂರು ವರ್ಷದ ಲೆಕ್ಕ ಹಿಡಿದರೂ ನೂರಕ್ಕೆ 12. ಸುಮಾರು ಅರ್ಧದಷ್ಟು ಜನ ಊರಿನಲ್ಲೂ ಒಮ್ಮೆಯಾದರೂ ಹೆರಾಯಿನ್ ಮುಟ್ಟಿದ್ದರು, ಆದರೂ ಹೆಚ್ಚಿನವರು ಮತ್ತೆ ಅದರ ಗುಲಾಮರಾಗಲಿಲ್ಲ. ಅದೇ ಕಾಲದಲ್ಲಿ ಅಮೆರಿಕದಲ್ಲೇ ಚಟ ಹಿಡಿದು, ಅಲ್ಲೇ ಆಸ್ಪತ್ರೆ ಸೇರಿ, ತಮ್ಮ ಹಳೇ ಬೀದಿಗೆ ಮರಳಿದವರಲ್ಲಿ ಬಹುಪಾಲು ಜನ ಮತ್ತೆ ಸೂಜಿ ಹಿಡಿಯುತ್ತಿದ್ದರು.

ಸೈನಿಕರ ಮನಸ್ಸೇನು ಕಬ್ಬಿಣದ್ದಾ? ಇಪ್ಪತ್ತರ ಆಸುಪಾಸಿನ ಹುಡುಗರು ಅವರು. ಯುದ್ಧದ ಭಯ, ಬೇಸರ, ಜೊತೆಗೆ ಸೇದುತ್ತಿದ್ದ ಗೆಳೆಯರು, ಎಲ್ಲ ಸಮುದ್ರದ ಆಚೆ ಉಳಿಯಿತು. ಹಾಗಂತ ಎಲ್ಲವೂ ಜಾಗದ ಮಹಿಮೆ ಅಂತ ನಾನು ಹೇಳುವುದಿಲ್ಲ. ಅಷ್ಟು ಸುಲಭವಾಗಿ ಸಿಗುತ್ತಿದ್ದರೂ ಅರ್ಧಕ್ಕಿಂತ ಹೆಚ್ಚು ಸೈನಿಕರು ಅದನ್ನು ಮುಟ್ಟಿರಲೇ ಇಲ್ಲ. ಒಬ್ಬೊಬ್ಬರ ಸ್ವಭಾವ, ಬೆಳೆದು ಬಂದ ರೀತಿಗೂ ಪಾಲಿದೆ. ಆದರೆ ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ನಮ್ಮದೇ ಅಲ್ವಾ? ಸನ್ಯಾಸಿಗೆ ಕೊಡುವ ರಿಯಾಯಿತಿಯನ್ನು ಹಮಾಲಿಗೆ ಯಾಕೆ ಕೊಡುವುದಿಲ್ಲ ನಾವು?

ಸುತ್ತಲಿನದೇ ನಮ್ಮನ್ನು ನಡೆಸುವುದಾದರೆ ಮನುಷ್ಯ ಬರೀ ಗೊಂಬೆಯಾ ಅಂತ ಕೇಳಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ, ಅದಕ್ಕೂ ಚಿಕ್ಕಪ್ಪನೇ ಕಾರಣ. ಒಂದು ದಿನ ಬೆಳಗ್ಗೆ ಕಾಫಿ ಕುಡಿಯುತ್ತಾ ಚಿಕ್ಕಮ್ಮನಿಗೆ ಹೇಳಿದರಂತೆ: "ಸಂಜೆ ಆರು ಗಂಟೆಗೆ ನನ್ ಮಾತು ನಾನೇ ಕೇಳಲ್ಲ ಕಣೇ. ಈಗ ಬುದ್ಧಿ ನೆಟ್ಟಗಿದೆ. ಈಗ್ಲೇ ನನ್ನ ಎಲ್ಲಿಗಾದ್ರೂ ಕರ್ಕೊಂಡ್ ಹೋಗು." ಈ ಮಾತು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಅವರಲ್ಲಿ ಮನಸ್ಸು ಇತ್ತು. ಅದು ಎಷ್ಟು ಹೊತ್ತಿಗೆ ಇರುತ್ತದೆ, ಎಷ್ಟು ಹೊತ್ತಿಗೆ ಇರುವುದಿಲ್ಲ ಅಂತ ಅವರಿಗೇ ಗೊತ್ತಿತ್ತು. ಬೆಳಗ್ಗೆಯ ಚಿಕ್ಕಪ್ಪ ಸಂಜೆಯ ಚಿಕ್ಕಪ್ಪನ ದಾರಿಯನ್ನೇ ಬದಲಿಸಿಬಿಟ್ಟರು.

ಹೋಗಿದ್ದು ಚಿಕ್ಕಮ್ಮನ ತವರಿಗೆ, ಹುಳಿಯಾರಿನ ಕಡೆ. ಹೆಂಡತಿ ಮನೆ ಸೇರುವುದು ನಮ್ಮ ಕಡೆ ಗಂಡಸಿಗೆ ದೊಡ್ಡ ಅವಮಾನ. ಅದನ್ನು ನುಂಗಿಕೊಂಡರು. ಎರಡು ಹಸು ಕಟ್ಟಿದರು. ಸಂಜೆ ಆರಕ್ಕೆ ಹಾಲು ಕರೆದು ಡೇರಿಗೆ ಹಾಕಲೇಬೇಕು, ಹಸು ಕಾಯುವುದಿಲ್ಲ. ಆ ಊರಲ್ಲಿ "ಬಾರೋ, ಒಂದು ನೈಂಟಿ ಹಾಕಣ" ಅನ್ನುವವರು ಯಾರೂ ಇರಲಿಲ್ಲ. ಚಿಕ್ಕವರು ದೊಡ್ಡವರು ಎಲ್ಲರೂ "ಅಳಿಯಂದ್ರೇ" ಅಂತ ಕರೆಯುತ್ತಿದ್ದರು. ಹಾಗೆ ಕರೆಸಿಕೊಂಡವರು ತೂರಾಡಿಕೊಂಡು ಬರಲು ಹೇಗೆ ಸಾಧ್ಯ? ಎಂಟು ವರ್ಷವಾಯಿತು. ಮಧ್ಯೆ ಎರಡು ಸಲ ಮದುವೆ ಮನೆಗಳಲ್ಲಿ ಕುಡಿದರು. ಮರುದಿನ ಎದ್ದು ಹಾಲು ಕರೆದರು.

ಈಚೆಗೆ ನನ್ನನ್ನು ಕಾಡುತ್ತಿರುವುದು ಅವರ ಹಳೇ ಜೊತೆಗಾರ ಒಬ್ಬರು. ಶಿಬಿರಕ್ಕೆ ಎರಡು ಸಲ ಹೋಗಿ ಬಂದಿದ್ದಾರೆ, ಎರಡು ಸಲವೂ ಅದೇ ಮಂಡಿ, ಅದೇ ಸಂಜೆಗೆ ಮರಳಿದ್ದಾರೆ. ಹೋಗಲು ಅವರಿಗೆ ಹೆಂಡತಿಯ ತವರಿಲ್ಲ, ಹಸು ಕಟ್ಟಲು ಜಾಗವಿಲ್ಲ. ಅವರ ಆಸೆ ಚಿಕ್ಕಪ್ಪನದಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲ ಅಂತ ನನಗೆ ಗೊತ್ತು. ಮುಂದಿನ ತಿಂಗಳು ಮತ್ತೆ ಶಿಬಿರಕ್ಕೆ ಹೋಗುತ್ತಾರಂತೆ. ತಿಪಟೂರು, ಅರಸೀಕೆರೆ, ತುರುವೇಕೆರೆ ಕಡೆ ಇರುವವರು ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ. ಸಂಜೆ ಐದರಿಂದ ರಾತ್ರಿ ಒಂಬತ್ತರವರೆಗೆ ಇರುವಂಥ ಯಾವುದಾದರೂ ಕೆಲಸ, ತೋಟ ಕಾಯುವುದೋ, ಹಸು ನೋಡಿಕೊಳ್ಳುವುದೋ, ನಿಮ್ಮ ಗಮನಕ್ಕೆ ಬಂದರೆ ನನಗೆ ಮೆಸೇಜ್ ಮಾಡಿ. ಸಂಬಳ ಕಡಿಮೆಯಾದರೂ ಪರವಾಗಿಲ್ಲ ಅಂದಿದ್ದಾರೆ.